ಪ್ರತಿಯ ಜೊತೆಗೆ ಸೋರ್ಸ್ ಕೋಡ್: ಬಳಕೆದಾರರ ಬಳಗವೊಂದರ ಪ್ರಕರಣ ಅಧ್ಯಯನ

ಸಂದರ್ಭ

ಇಲ್ಲಿ ಪರಿಶೀಲಿಸುತ್ತಿರುವುದು ತಿಂಗಳಿಗೊಮ್ಮೆ ಸೇರುವ, ನೋಂದಣಿಯಾಗದ, ಶುಲ್ಕವಿಲ್ಲದ, ಸ್ವಯಂಸೇವಕರೇ ನಡೆಸುವ ಒಂದು ಗ್ನು/ಲಿನಕ್ಸ್ (ಯಾರು ಬೇಕಾದರೂ ಬಳಸಿ, ಬದಲಾಯಿಸಿ, ಹಂಚಬಹುದಾದ ಕಾರ್ಯಾಚರಣ ವ್ಯವಸ್ಥೆ) ಬಳಕೆದಾರರ ಬಳಗದ ಪ್ರಕರಣ. ಇಂಥ ಕೂಟಗಳಲ್ಲಿ ಬೇರೆ ಬೇರೆ ಸಮಯದಲ್ಲಿ ತಲೆದೋರುವ ಪ್ರಶ್ನೆಗಳು ಒಂದೇ ದಿನ, ಒಂದೇ ಮೇಜಿನ ಮುಂದೆ ಎದ್ದವೆಂಬಂತೆ ಪ್ರಕರಣವನ್ನು ಹೆಣೆಯಲಾಗಿದೆ. ಆದ್ದರಿಂದ ಬಳಗವಾಗಲಿ ಅದರಲ್ಲಿ ಬರುವ ವ್ಯಕ್ತಿಗಳಾಗಲಿ ನಿರ್ದಿಷ್ಟವಾಗಿ ಯಾರನ್ನೂ ಕುರಿತದ್ದಲ್ಲ; ಪರವಾನಗಿಯ ಷರತ್ತುಗಳು, ಇಸವಿಗಳು ಮತ್ತು ತಾಂತ್ರಿಕ ವಿವರಗಳು ಮಾತ್ರ ಇದ್ದದ್ದು ಇದ್ದಂತೆ ಇವೆ.

ಬಳಗದ ಸದಸ್ಯರೊಬ್ಬರು ಡೆಬಿಯನ್ 12 ಎಂಬ ಡಿಸ್ಟ್ರೋವನ್ನು (ಬಳಕೆಗೆ ಸಿದ್ಧಪಡಿಸಿ ಹಂಚುವ ಗ್ನು/ಲಿನಕ್ಸ್ ಸಂಗ್ರಹವನ್ನು) ಆಧಾರವಾಗಿಟ್ಟುಕೊಂಡು ಒಂದು ಲೈವ್ ಇಮೇಜ್, ಅಂದರೆ ಪೆನ್ ಡ್ರೈವಿನಿಂದಲೇ ನೇರವಾಗಿ ಚಲಾಯಿಸಬಹುದಾದ ಇಡೀ ವ್ಯವಸ್ಥೆಯ ಕಡತ, ತಯಾರಿಸಿದ್ದರು. ಶಾಲೆಗಳಿಗೆ ಉಪಯೋಗವಾಗುವ ಪ್ಯಾಕೇಜುಗಳನ್ನು (ತಂತ್ರಾಂಶದ ಕಟ್ಟುಗಳನ್ನು) ಆರಿಸಿ ಸೇರಿಸಿದ್ದರು, ಬೇಡದವನ್ನು ತೆಗೆದಿದ್ದರು, ಟೈಪಿಂಗ್ ಕಲಿಸುವ ಒಂದು ಪ್ರೋಗ್ರಾಮಿನಲ್ಲಿ ಅಕ್ಷರದ ಗಾತ್ರವನ್ನು ಹಿಗ್ಗಿಸಿ ಒಂದೆರಡು ಪಾಠಗಳನ್ನು ತಾವೇ ಬರೆದು ಸೇರಿಸಿದ್ದರು. ಕೂಟದ ಹಿಂದಿನ ದಿನ ಸ್ವಯಂಸೇವಕರು ಕುಳಿತು ಈ ಇಮೇಜನ್ನು ನಲವತ್ತು ಪೆನ್ ಡ್ರೈವುಗಳಿಗೆ ಬರೆದರು. ಮರುದಿನ ಬಾಗಿಲ ಬಳಿಯ ಮೇಜಿನ ಮೇಲೆ ಅವನ್ನು ಜೋಡಿಸಿಟ್ಟು, ಪೆನ್ ಡ್ರೈವಿನ ಬೆಲೆಯನ್ನಷ್ಟೇ ಪಡೆದು, ಬಂದವರಿಗೆ ಕೊಡತೊಡಗಿದರು.

ಅರ್ಧದಷ್ಟು ಖಾಲಿಯಾಗುವ ಹೊತ್ತಿಗೆ ಒಬ್ಬ ಶಾಲಾ ಶಿಕ್ಷಕಿ ಮೇಜಿನ ಬಳಿ ನಿಂತು ಮೂರು ಪ್ರಶ್ನೆ ಕೇಳಿದರು. “ಇದನ್ನು ನಮ್ಮ ಲ್ಯಾಬಿನ ಎಲ್ಲ ಕಂಪ್ಯೂಟರಿಗೂ ಹಾಕಬಹುದಾ ಸರ್? ಮಕ್ಕಳು ಮನೆಗೆ ಬೇಕು ಅಂದರೆ ಕಾಪಿ ಮಾಡಿ ಕೊಡಬಹುದಾ? ಟೈಪಿಂಗ್ ಪಾಠ ಬದಲಾಯಿಸಬೇಕು ಅನ್ನಿಸಿದರೆ ಅದರ ಸೋರ್ಸ್ ಎಲ್ಲಿದೆ?” ಮೊದಲೆರಡಕ್ಕೂ ಸ್ವಯಂಸೇವಕರು ಹೌದೆಂದರು. ಮೂರನೆಯದಕ್ಕೆ ಅವರು ಕೊಟ್ಟ ಉತ್ತರ, “ಎಲ್ಲಾ ಡೆಬಿಯನ್ ಸೈಟಿನಲ್ಲೇ ಸಿಗುತ್ತೆ ಮೇಡಂ.” ಸೋರ್ಸ್, ಅಂದರೆ ಸೋರ್ಸ್ ಕೋಡ್, ಎಂಬುದು ಪ್ರೋಗ್ರಾಮನ್ನು ಬರೆದ, ಓದಿ ತಿದ್ದಬಹುದಾದ ಮೂಲ ರೂಪ. ಈ ಅಧ್ಯಯನ ಬಹುಪಾಲು ಆ ಒಂದು ಉತ್ತರವನ್ನು ಕುರಿತದ್ದು.

ಮೊದಲೆರಡು ಪ್ರಶ್ನೆಗಳ ಉತ್ತರ, ಇಮೇಜಿನಲ್ಲಿದ್ದ ಮುಕ್ತ ತಂತ್ರಾಂಶದ ಮಟ್ಟಿಗೆ, ಸರಿಯಾಗಿಯೇ ಇತ್ತು ಎಂಬುದನ್ನು ಮೊದಲು ಹೇಳಬೇಕು. ಪ್ರೋಗ್ರಾಮನ್ನು ಬಳಸುವ, ಅಧ್ಯಯನ ಮಾಡಿ ಬದಲಾಯಿಸುವ, ಪ್ರತಿ ಮಾಡಿ ಹಂಚುವ, ಬದಲಾಯಿಸಿದ್ದನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಪ್ರತಿ ಪಡೆದ ಪ್ರತಿಯೊಬ್ಬರಿಗೂ ಸೇರಿದ್ದು. ಅಂಥ ತಂತ್ರಾಂಶಕ್ಕೆ ಬಳಸುವ ಜಿಪಿಎಲ್ (ಗ್ನು ಜನರಲ್ ಪಬ್ಲಿಕ್ ಲೈಸೆನ್ಸ್) ಪರವಾನಗಿಯ ಪ್ರಕಾರ ಆ ಶಿಕ್ಷಕಿಗೆ ಹಕ್ಕು ಬರುವುದು ಬಳಗದಿಂದಲ್ಲ, ತಂತ್ರಾಂಶ ಬರೆದ ಮೂಲ ಹಕ್ಕುದಾರರಿಂದ ನೇರವಾಗಿ. ಬಳಗ ಹಂಚುವಾಗ ಯಾವುದಾದರೂ ಷರತ್ತನ್ನು ಮೀರಿದ್ದರೆ ಹಂಚುವ ಹಕ್ಕು ಕಳೆದುಕೊಳ್ಳುವುದು ಬಳಗವೇ ಹೊರತು, ಷರತ್ತು ಪಾಲಿಸುತ್ತಿರುವ ಶಿಕ್ಷಕಿಯಲ್ಲ. ಆ ಪರವಾನಗಿಯ 2ನೇ ಆವೃತ್ತಿಯಲ್ಲಿ ಈ ಮಾತನ್ನು ಸ್ಪಷ್ಟವಾಗಿಯೇ ಬರೆದಿದೆ. ಆಕೆಗೆ ಧೈರ್ಯವಾಗಿ ಹೌದೆನ್ನಲು ಇದಿಷ್ಟು ಸಾಕಾಗಿತ್ತು.

ಸೈಟಿನಲ್ಲಿ ಇದೆ ಎಂಬ ಉತ್ತರ ಏಕೆ ಸಾಲದು

ಜಿಪಿಎಲ್ 2ನೇ ಆವೃತ್ತಿ ಪ್ರಕಟವಾದದ್ದು 1991ರಲ್ಲಿ, 3ನೇ ಆವೃತ್ತಿ 2007ರಲ್ಲಿ. ವ್ಯವಸ್ಥೆಯ ತಿರುಳಾದ ಲಿನಕ್ಸ್ ಕೆರ್ನೆಲ್ ಇಂದಿಗೂ 2ನೇ ಆವೃತ್ತಿಯಡಿಯಲ್ಲಿ ಮಾತ್ರ ಇದೆ. ಹಾಗಾಗಿ ಯಾವ ಡಿಸ್ಟ್ರೋ ಹಂಚಿದರೂ 2ನೇ ಆವೃತ್ತಿಯ ಷರತ್ತುಗಳಿಂದ ತಪ್ಪಿಸಿಕೊಳ್ಳಲಾಗದು. ಅದರ ಅಗತ್ಯ ಪೂರೈಸಿದರೆ ಉಳಿದವು ಹೆಚ್ಚುಕಡಿಮೆ ತಾವಾಗಿಯೇ ಪೂರೈಕೆಯಾಗುತ್ತವೆ. ಎಂಐಟಿ, ಬಿಎಸ್‌ಡಿ ಬಗೆಯ ಪರವಾನಗಿಗಳು ಹಕ್ಕುಸ್ವಾಮ್ಯದ ಸೂಚನೆಯನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಂಡರೆ ಸಾಕೆನ್ನುತ್ತವೆ. ಮೊಜಿಲ್ಲಾ ಪರವಾನಗಿ ಸೋರ್ಸ್ ಕೋಡ್ ಎಲ್ಲಿ ಸಿಗುತ್ತದೆಂದು ತಿಳಿಸಿದರೆ ಒಪ್ಪುತ್ತದೆ. ಬಿಗಿಯಾಗಿರುವುದು ಜಿಪಿಎಲ್ ಕುಟುಂಬವೇ.

ಚಲಾಯಿಸಲು ಸಿದ್ಧವಾದ ರೂಪದಲ್ಲಿ, ಅಂದರೆ ಬೈನರಿಯಾಗಿ, ತಂತ್ರಾಂಶವನ್ನು ಕೊಡುವವರಿಗೆ 2ನೇ ಆವೃತ್ತಿ ಮೂರು ದಾರಿ ತೋರಿಸುತ್ತದೆ. ಪೂರ್ಣ ಸೋರ್ಸ್ ಕೋಡನ್ನು ಜೊತೆಯಲ್ಲೇ ಕೊಡುವುದು ಮೊದಲನೆಯದು. ಕನಿಷ್ಠ ಮೂರು ವರ್ಷ ಜಾರಿಯಲ್ಲಿರುವ, ಯಾರು ಬೇಕಾದರೂ ಬಳಸಿಕೊಳ್ಳಬಹುದಾದ ಲಿಖಿತ ವಾಗ್ದಾನವನ್ನು ಕೊಡುವುದು ಎರಡನೆಯದು. ತಮಗೆ ಹಾಗೆ ಸಿಕ್ಕಿದ್ದ ವಾಗ್ದಾನದ ವಿವರವನ್ನೇ ಮುಂದಕ್ಕೆ ದಾಟಿಸುವುದು ಮೂರನೆಯದು. ಈ ಕೊನೆಯದಕ್ಕೆ ಎರಡು ಕಟ್ಟಳೆಗಳಿವೆ: ಹಂಚಿಕೆ ವಾಣಿಜ್ಯದ್ದಾಗಿರಬಾರದು, ಮತ್ತು ಹಂಚುವವರಿಗೆ ಮೊದಲು ಅಂಥ ವಾಗ್ದಾನ ಸಿಕ್ಕಿರಬೇಕು.

ಸ್ವಯಂಸೇವಕರ ಉತ್ತರ ಮೇಲ್ನೋಟಕ್ಕೆ ಈ ಮೂರನೇ ದಾರಿಯಂತೆ ಕಾಣುತ್ತದೆ, ಮತ್ತು ಹೆಚ್ಚಿನ ಬಳಗಗಳು ಮನಸ್ಸಿನಲ್ಲಿಟ್ಟುಕೊಂಡಿರುವುದೂ ಅದನ್ನೇ. ಆದರೆ ಡೆಬಿಯನ್ ಯೋಜನೆ ಡೌನ್‌ಲೋಡ್ ಮಾಡಿಕೊಂಡವರಿಗೆ ಲಿಖಿತ ವಾಗ್ದಾನವನ್ನು ಕೊಡುವುದಿಲ್ಲ. ಅದರ ಅಗತ್ಯವೂ ಅದಕ್ಕಿಲ್ಲ. ಬೈನರಿಯನ್ನು ಯಾವ ಜಾಗದಿಂದ ನಕಲು ಮಾಡಿಕೊಳ್ಳಬಹುದೋ ಅದೇ ಜಾಗದಿಂದ ಸೋರ್ಸ್ ಕೋಡನ್ನೂ ನಕಲು ಮಾಡಿಕೊಳ್ಳುವ ಸಮಾನ ಅವಕಾಶವಿದ್ದರೆ, ಸೋರ್ಸ್ ಕೋಡ್ ಕೊಟ್ಟಂತೆಯೇ ಸರಿ ಎಂದು ಪರವಾನಗಿ ಹೇಳುತ್ತದೆ. ಡೆಬಿಯನ್ ತನ್ನ ಕರ್ತವ್ಯವನ್ನು ಪೂರೈಸಿರುವುದು ಈ ಮಾತಿನ ಬಲದಿಂದ. ಅಂದಮೇಲೆ ಬಳಗದ ಕೈಗೆ ದಾಟಿಸಲು ಯಾವ ವಾಗ್ದಾನವೂ ಬಂದಿರಲಿಲ್ಲ. ಇಮೇಜ್ ಪೆನ್ ಡ್ರೈವಿಗೆ ಇಳಿದು ಕೈಯಿಂದ ಕೈಗೆ ಹೋದ ಕ್ಷಣದಲ್ಲಿ ಹಂಚಿಕೆದಾರರ ಸ್ಥಾನಕ್ಕೆ ಬಂದದ್ದು ಬಳಗ. ಬೈನರಿ ಮೇಜಿನ ಮೇಲಿದ್ದು ಸೋರ್ಸ್ ಕೋಡ್ ಬೇರೆಯವರ ಸರ್ವರಿನಲ್ಲಿದ್ದರೆ ಅದು ಒಂದೇ ಜಾಗವಲ್ಲ. 3ನೇ ಆವೃತ್ತಿ ಸೋರ್ಸ್ ಕೋಡ್ ಮೂರನೆಯವರ ಸರ್ವರಿನಲ್ಲಿದ್ದರೂ ಆದೀತೆನ್ನುತ್ತದೆ, ನಿಜ. ಆದರೆ ಆ ಸಡಿಲಿಕೆ ಬೈನರಿಯನ್ನೂ ಸರ್ವರಿನಿಂದ ನಕಲು ಮಾಡಿಕೊಳ್ಳಲು ಬಿಟ್ಟಾಗ ಅನ್ವಯಿಸುವಂಥದ್ದು, ಪೆನ್ ಡ್ರೈವನ್ನು ಕೈಗಿತ್ತಾಗ ಅಲ್ಲ.

ಇದು ಕೂದಲು ಸೀಳುವ ವಾದವೆಂದು ಬಳಗದಲ್ಲೇ ಕೆಲವರು ಆಕ್ಷೇಪಿಸಿದರು. ಆದರೆ ಈ ಪ್ರಶ್ನೆ ಹಿಂದೆ ನಿಜವಾಗಿಯೇ ಎದ್ದಿದೆ. 2006ರಲ್ಲಿ ಮೆಪಿಸ್ ಎಂಬ ಸಣ್ಣ ಡಿಸ್ಟ್ರೋ ತಾನು ಬದಲಾಯಿಸದೆ ಬಳಸಿಕೊಂಡ ಪ್ಯಾಕೇಜುಗಳ ಸೋರ್ಸ್ ಕೋಡಿಗೆ ಅವುಗಳ ಮೂಲ ಡಿಸ್ಟ್ರೋದ ಭಂಡಾರವನ್ನೇ ತೋರಿಸುತ್ತಿತ್ತು. ಅದು ಸಾಲದು, ಹಂಚುವವರೇ ಒದಗಿಸಬೇಕು ಎಂದು ಜಿಪಿಎಲ್ ರೂಪಿಸಿದ ಮುಕ್ತ ತಂತ್ರಾಂಶ ಪ್ರತಿಷ್ಠಾನ ತಿಳಿಸಿತು. ಸ್ವಯಂಸೇವಕರ ಬಳಗವೊಂದರ ಮೇಲೆ ಯಾರೂ ದಾವೆ ಹೂಡಲು ಹೊರಡುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಅಲ್ಲದೆ, ತಪ್ಪು ತಿದ್ದಿಕೊಂಡವರಿಗೆ ಹಕ್ಕು ಮರಳಿಸುವ ವ್ಯವಸ್ಥೆ 3ನೇ ಆವೃತ್ತಿಯಲ್ಲಿದೆ. ಮೊದಲ ಬಾರಿ ನೋಟಿಸ್ ಬಂದವರು 30 ದಿನಗಳೊಳಗೆ ಸರಿಪಡಿಸಿದರೆ ಅವರ ಹಕ್ಕು ಉಳಿಯುತ್ತದೆ. 2017ರಲ್ಲಿ ಕೆರ್ನೆಲ್ ಅಭಿವೃದ್ಧಿಗಾರರಲ್ಲಿ ಅನೇಕರು ಇದೇ ಔದಾರ್ಯವನ್ನು ತಮ್ಮ ಕೋಡಿಗೂ ವಿಸ್ತರಿಸಿದರು. ಭಯಪಡಲು ಕಾರಣವಿಲ್ಲ. ನನ್ನ ಆತಂಕ ಬೇರೆಯದು: ಶಿಕ್ಷಕಿ ಕೇಳಿದ್ದು ಡೆಬಿಯನ್ ಸೈಟಿನಲ್ಲಿ ಇರಲೇ ಇಲ್ಲ.

ಇಲ್ಲದ್ದನ್ನು ಹುಡುಕಿದ್ದು

ಟೈಪಿಂಗ್ ಪ್ರೋಗ್ರಾಮಿನ ಮೂಲ ಸೋರ್ಸ್ ಕೋಡ್ ಡೆಬಿಯನ್ನಿನಲ್ಲಿತ್ತು. ಅಕ್ಷರದ ಗಾತ್ರ ಹಿಗ್ಗಿಸಿದ, ಹೊಸ ಪಾಠ ಸೇರಿಸಿದ ಆವೃತ್ತಿ ಇದ್ದದ್ದು ಅದನ್ನು ಮಾಡಿದ ಸದಸ್ಯರ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅವರು ಆ ದಿನ ಕೂಟಕ್ಕೆ ಬಂದಿರಲಿಲ್ಲ. ಇಮೇಜಿನಲ್ಲಿದ್ದದ್ದು ಅವರು ಕಟ್ಟಿದ ಡೆಬ್ ಕಡತದಿಂದ (ಡೆಬಿಯನ್ ಪ್ಯಾಕೇಜಿನಿಂದ) ಇನ್‌ಸ್ಟಾಲ್ ಆದ ಬೈನರಿ. ಬದಲಾಯಿಸಿದ ಕಡತಗಳಲ್ಲಿ ಯಾರು, ಯಾವಾಗ ಬದಲಾಯಿಸಿದರೆಂಬ ಸೂಚನೆಯಿರಬೇಕೆಂದು ಜಿಪಿಎಲ್ ಹೇಳುತ್ತದೆ, ಅದೂ ಇರಲಿಲ್ಲ. ಹೀಗಾಗಿ ಪಾಠ ತಿದ್ದಬೇಕೆಂದಿದ್ದ ಶಿಕ್ಷಕಿ ಡೆಬಿಯನ್ ಭಂಡಾರದಿಂದ ಸೋರ್ಸ್ ಕೋಡ್ ತಂದು ಕಟ್ಟಿದ್ದರೆ, ತಾವು ತರಗತಿಯಲ್ಲಿ ನೋಡಿದ ಪ್ರೋಗ್ರಾಮ್ ಅಲ್ಲದ ಬೇರೊಂದು ಅವರ ಕೈಗೆ ಬರುತ್ತಿತ್ತು, ಮತ್ತು ವ್ಯತ್ಯಾಸ ಎಲ್ಲಿಂದ ಬಂತೆಂದು ತಿಳಿಯಲು ಅವರಿಗೆ ದಾರಿಯೇ ಇರುತ್ತಿರಲಿಲ್ಲ.

ಬದಲಾಯಿಸದ ಪ್ಯಾಕೇಜುಗಳ ವಿಷಯದಲ್ಲೂ ಸೈಟಿನ ಉತ್ತರ ಪೂರ್ತಿ ನಿಲ್ಲಲಿಲ್ಲ. ಇಮೇಜ್ ತಯಾರಾದ ಮೇಲೆ ಡೆಬಿಯನ್ 12ರ ಮುಂದಿನ ಪಾಯಿಂಟ್ ರಿಲೀಸ್ (ತಿದ್ದುಪಡಿಗಳನ್ನು ಒಟ್ಟುಗೂಡಿಸಿದ ಸಣ್ಣ ಬಿಡುಗಡೆ) ಬಂದಿತ್ತು. ಡೆಬಿಯನ್ ಭಂಡಾರದ ಪ್ರತಿಯನ್ನಿಟ್ಟುಕೊಂಡಿರುವ ಸಾಮಾನ್ಯ ಮಿರರ್ ಸರ್ವರುಗಳು ಪ್ಯಾಕೇಜಿನ ಹೊಸ ಆವೃತ್ತಿ ಬಂದಮೇಲೆ ಹಳೆಯದನ್ನು ತೆಗೆದುಹಾಕುತ್ತವೆ. ಕೆರ್ನೆಲ್, ಬ್ರೌಸರ್ ಮತ್ತು ಭದ್ರತಾ ತಿದ್ದುಪಡಿ ಬಂದ ಹಲವು ಲೈಬ್ರರಿಗಳ ಸೋರ್ಸ್ ಕೋಡ್ ಅಲ್ಲಿ ಮುಂದಿನ ಆವೃತ್ತಿಯದಾಗಿತ್ತು. ಪರವಾನಗಿ ಕೇಳುವುದು ಕೊಟ್ಟ ಬೈನರಿಗೆ ಸರಿಹೊಂದುವ ಸೋರ್ಸ್ ಕೋಡನ್ನು, ಅದನ್ನು ಕಟ್ಟಲು ಮತ್ತು ಇನ್‌ಸ್ಟಾಲ್ ಮಾಡಲು ಬಳಸಿದ ಸ್ಕ್ರಿಪ್ಟುಗಳ ಸಮೇತ. ಹತ್ತಿರದ ಆವೃತ್ತಿ ಅದಕ್ಕೆ ಬದಲಿಯಾಗದು. ಅದೃಷ್ಟಕ್ಕೆ ಡೆಬಿಯನ್ ಯೋಜನೆ ಹಳೆಯ ಆವೃತ್ತಿಗಳನ್ನೆಲ್ಲ ದಿನಾಂಕವಾರು ಕಾಯ್ದಿಡುವ ಸ್ನ್ಯಾಪ್‌ಶಾಟ್ ಭಂಡಾರವನ್ನು ನಡೆಸುತ್ತದೆ. ಎಲ್ಲ ಡಿಸ್ಟ್ರೋಗಳಿಗೂ ಇಂಥ ಭಂಡಾರ ಇರುವುದಿಲ್ಲ.

ಇಬ್ಬರು ಸದಸ್ಯರು ಮುಂದಿನ ವಾರ ಕುಳಿತು ಮಾಡಿದ ಕೆಲಸವನ್ನು ತುಸು ವಿವರವಾಗಿ ಹೇಳುವುದು ಒಳ್ಳೆಯದು, ಏಕೆಂದರೆ ಬಳಗಗಳು ಸೋರ್ಸ್ ಕೋಡ್ ಒದಗಿಸಲು ಹಿಂಜರಿಯುವುದು ಅದು ಬೆಟ್ಟದಂಥ ಕೆಲಸವೆಂಬ ಕಲ್ಪನೆಯಿಂದಲೇ. ಪೆನ್ ಡ್ರೈವಿನಿಂದ ಒಂದು ಕಂಪ್ಯೂಟರನ್ನು ಬೂಟ್ ಮಾಡಿ, ಟರ್ಮಿನಲ್ ತೆರೆದು, ಇನ್‌ಸ್ಟಾಲ್ ಆಗಿರುವ ಪ್ಯಾಕೇಜುಗಳ ಹೆಸರು ಮತ್ತು ಆವೃತ್ತಿಯ ಪಟ್ಟಿಯನ್ನು ಡಿಪಿಕೆಜಿ ಆಜ್ಞೆಯಿಂದ ಒಂದು ಕಡತಕ್ಕೆ ಇಳಿಸಿಕೊಂಡರು. ಒಂದೇ ಸೋರ್ಸ್ ಪ್ಯಾಕೇಜಿನಿಂದ ಹಲವು ಬೈನರಿ ಪ್ಯಾಕೇಜುಗಳು ಹುಟ್ಟುವುದರಿಂದ, ಪಟ್ಟಿಯನ್ನು ಸೋರ್ಸ್ ಪ್ಯಾಕೇಜುಗಳ ಹೆಸರಿಗೆ ಪರಿವರ್ತಿಸಿದಾಗ ಅದು ಗಣನೀಯವಾಗಿ ಕುಗ್ಗಿತು. ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಆಪ್ಟ್ ವ್ಯವಸ್ಥೆಯಲ್ಲಿ ಸೋರ್ಸ್ ಭಂಡಾರದ ಸಾಲುಗಳನ್ನು ಸೇರಿಸಿ, ಇಮೇಜ್ ತಯಾರಾದ ದಿನದ ಸ್ನ್ಯಾಪ್‌ಶಾಟ್ ಕಡೆಗೆ ಅದನ್ನು ತಿರುಗಿಸಿ, ಪಟ್ಟಿಯ ಪ್ರತಿ ಹೆಸರಿಗೂ ಆಪ್ಟ್-ಗೆಟ್ ಸೋರ್ಸ್ ಆಜ್ಞೆಯನ್ನು ಡೌನ್‌ಲೋಡ್ ಮಾತ್ರ ಮಾಡುವ ಆಯ್ಕೆಯೊಂದಿಗೆ ಒಂದು ಸಣ್ಣ ಸ್ಕ್ರಿಪ್ಟಿನ ಮೂಲಕ ಓಡಿಸಿದರು. ಹೆಚ್ಚಿನ ಪ್ಯಾಕೇಜುಗಳಿಗೆ ಮೂಲ ಲೇಖಕರ ಟಾರ್ ಕಡತ (ಹಲವು ಕಡತಗಳನ್ನು ಒಂದಾಗಿ ಕಟ್ಟಿದ್ದು), ಡೆಬಿಯನ್ನಿನ ಬದಲಾವಣೆಗಳ ಟಾರ್ ಕಡತ, ಮತ್ತು ಇವೆರಡನ್ನೂ ವಿವರಿಸುವ, ಸಹಿಯಿರುವ ಡಿಎಸ್‌ಸಿ ಕಡತ ಬಂದವು. ಟೈಪಿಂಗ್ ಪ್ರೋಗ್ರಾಮಿನ ಸದಸ್ಯರು ತಮ್ಮ ಬದಲಾವಣೆಗಳನ್ನು ದಿನಾಂಕ ಸಮೇತ ಸೇರಿಸಿದ ಸೋರ್ಸ್ ಪ್ಯಾಕೇಜನ್ನೂ, ಇಮೇಜ್ ಕಟ್ಟಲು ಬಳಸಿದ ಲೈವ್-ಬಿಲ್ಡ್ ಕಾನ್ಫಿಗರೇಷನ್ನನ್ನೂ ಕಳಿಸಿದರು. ಎಲ್ಲವೂ ಸೇರಿ ಕೆಲವು ಗಿಗಾಬೈಟಾಯಿತು. ಇಂದಿನ ಒಂದು ಸಾಧಾರಣ ಪೆನ್ ಡ್ರೈವಿನಲ್ಲಿ ಇಮೇಜಿನ ಜೊತೆಗೇ ಹಿಡಿಸುವಷ್ಟು.

ಸೋರ್ಸ್ ಕೋಡ್ ಬಿಟ್ಟು ಬೈನರಿ ಮಾತ್ರ ಹಂಚುವ ರೂಢಿ ಸಿಡಿಗಳ ಕಾಲದ ಪಳೆಯುಳಿಕೆ ಎಂಬುದು ನನ್ನ ಅಭಿಪ್ರಾಯ. ಒಂದು ಸಿಡಿಯಲ್ಲಿ ಹಿಡಿಸುವುದು 700 ಮೆಗಾಬೈಟ್. 2000ದ ಸುಮಾರಿನಲ್ಲಿ ನಾಪಿಕ್ಸ್‌ನಂಥ ಲೈವ್ ಸಿಡಿಗಳು ಬಂದಾಗ ಸಂಕೋಚಿಸಿದ ಬೈನರಿಗಳೇ ಇಡೀ ಸಿಡಿಯನ್ನು ತುಂಬಿಬಿಡುತ್ತಿದ್ದವು. ಸೋರ್ಸ್ ಕೋಡ್ ಕೊಡಬೇಕೆಂದರೆ ಪ್ರತಿಯೊಬ್ಬರಿಗೂ ಇನ್ನೂ ಕೆಲವು ಸಿಡಿಗಳನ್ನು ಬರೆಯಬೇಕಿತ್ತು. ಆ ಅಡಚಣೆ ಹೋಗಿ ಎಷ್ಟೋ ವರ್ಷಗಳಾದರೂ ಅಭ್ಯಾಸ ಉಳಿದುಕೊಂಡಿದೆ.

ಮೂರು ವರ್ಷದ ಕಾಗದ

ಸೋರ್ಸ್ ಕೋಡ್ ಸಿದ್ಧವಾದ ಮೇಲೆ ಅದನ್ನು ಹೇಗೆ ಒದಗಿಸುವುದೆಂಬ ಚರ್ಚೆ ನಡೆಯಿತು. ಒಬ್ಬರು ಲಿಖಿತ ವಾಗ್ದಾನದ ಪರವಾಗಿದ್ದರು. ಪ್ರತಿ ಪೆನ್ ಡ್ರೈವಿನ ಜೊತೆ ಒಂದು ಚೀಟಿ ಕೊಟ್ಟರಾಯಿತು, ಕೇಳಿದವರಿಗೆ ಕಳಿಸಿದರಾಯಿತು, ಹೇಗೂ ಯಾರೂ ಕೇಳುವುದಿಲ್ಲ ಎಂಬುದು ಅವರ ವಾದ.

ಆ ಚೀಟಿಯಲ್ಲಿ ಏನೇನಿರಬೇಕೆಂದು ಬರೆಯಲು ಕುಳಿತಾಗ ಅದರ ಭಾರ ತಿಳಿಯಿತು. ಯಾವ ಇಮೇಜ್, ಯಾವ ದಿನಾಂಕದ್ದು ಎಂಬ ಗುರುತು ಬೇಕು. ಮೂರು ವರ್ಷದವರೆಗೂ ಬದಲಾಗದ ಸಂಪರ್ಕ ವಿಳಾಸ ಬೇಕು. ಪ್ರತಿ ಮಾಡಿ ಕಳಿಸುವ ವೆಚ್ಚಕ್ಕಿಂತ ಹೆಚ್ಚು ಹಣ ಕೇಳುವುದಿಲ್ಲವೆಂಬ ಮಾತು ಬೇಕು. ವಾಗ್ದಾನ ಪೆನ್ ಡ್ರೈವ್ ಪಡೆದವರಿಗಷ್ಟೇ ಅಲ್ಲ, ಯಾರಿಗಾದರೂ ಸಲ್ಲುತ್ತದೆ. ಶಿಕ್ಷಕಿಯಿಂದ ಪ್ರತಿ ಪಡೆದ ವಿದ್ಯಾರ್ಥಿ, ಆ ವಿದ್ಯಾರ್ಥಿಯಿಂದ ಪಡೆದ ನೆರೆಯವರು, ಎಲ್ಲರೂ ಅದನ್ನು ಮುಂದಿಟ್ಟು ಕೇಳಬಹುದು. 3ನೇ ಆವೃತ್ತಿಯಲ್ಲಿ ಅಂಥ ಕೋರಿಕೆಯನ್ನು ಸರ್ವರಿನಿಂದ ಉಚಿತವಾಗಿ ಇಳಿಸಿಕೊಳ್ಳಲು ಬಿಡುವ ಮೂಲಕ ಪೂರೈಸಬಹುದು. 2ನೇ ಆವೃತ್ತಿ ಬರೆಯಲ್ಪಟ್ಟ ಕಾಲವೇ ಬೇರೆ, ಅದು ಮಾತಾಡುವುದು ತಂತ್ರಾಂಶ ವಿನಿಮಯಕ್ಕೆ ರೂಢಿಯಲ್ಲಿರುವ ಮಾಧ್ಯಮವನ್ನು ಕುರಿತು. ಹಾಗಾಗಿ ಯಾರಾದರೂ ಅಂಚೆಯಲ್ಲಿ ಕಳಿಸಿ ಎಂದು ಕೇಳಿದರೆ ಕಳಿಸಬೇಕು.

ಈ ವಾಗ್ದಾನಕ್ಕೆ ಸಹಿ ಹಾಕುವವರು ಯಾರು? ಬಳಗಕ್ಕೆ ಕಾನೂನಿನ ಅಸ್ತಿತ್ವವಿಲ್ಲ. ಸ್ವಯಂಸೇವಕರು ಓದು ಮುಗಿಸುತ್ತಾರೆ, ಕೆಲಸ ಬದಲಿಸುತ್ತಾರೆ, ಊರು ಬಿಡುತ್ತಾರೆ. ಮೂರು ವರ್ಷದ ಅವಧಿ ಕೊನೆಯ ಪ್ರತಿ ಹಂಚಿದ ದಿನದಿಂದ ಎಣಿಕೆಯಾಗುವುದರಿಂದ, ಪ್ರತಿ ತಿಂಗಳೂ ಹಂಚುವ ಬಳಗಕ್ಕೆ ಅದು ಎಂದೂ ಮುಗಿಯದ ಹೊಣೆ; ಅಷ್ಟೇ ಅಲ್ಲ, ಹೊಸ ಇಮೇಜ್ ಬಂದಾಗಲೆಲ್ಲ ಹಳೆಯದರ ಸೋರ್ಸ್ ಕೋಡನ್ನೂ ಪ್ರತ್ಯೇಕವಾಗಿ ಕಾಪಾಡಬೇಕು. ಯಾರೂ ಕೇಳುವುದಿಲ್ಲವೆಂಬ ನಂಬಿಕೆಯ ಮೇಲೆ ಕೊಡುವ ವಾಗ್ದಾನವನ್ನು ವಾಗ್ದಾನವೆಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಕಾರ್ಖಾನೆಯಲ್ಲಿ ಸಾಧನ ತಯಾರಿಸಿ ಮಾರುವ ಸಂಸ್ಥೆಗೆ ಈ ದಾರಿ ಹೊಂದುತ್ತದೆ, ಏಕೆಂದರೆ ಅದಕ್ಕೆ ವಿಳಾಸವಿದೆ, ಸಿಬ್ಬಂದಿಯಿದ್ದಾರೆ. ಬಳಗಕ್ಕೆ ಇದು ಹೊಂದುವುದಿಲ್ಲ.

ಹಣದ ಪ್ರಶ್ನೆಯೂ ಇಲ್ಲೇ ಸುಳಿಯಿತು. ಪೆನ್ ಡ್ರೈವಿನ ಬೆಲೆ ಪಡೆದದ್ದು ವಾಣಿಜ್ಯವೇ? ಪ್ರತಿಯನ್ನು ದಾಟಿಸುವ ಕೆಲಸಕ್ಕೆ ಹಣ ಪಡೆಯಲು ಜಿಪಿಎಲ್ ಸ್ಪಷ್ಟ ಅನುಮತಿ ಕೊಡುತ್ತದೆ; 1985ರಲ್ಲಿ ಗ್ನು ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಟೇಪನ್ನು ಅಂಚೆಯಲ್ಲಿ ತರಿಸಿಕೊಳ್ಳುವವರು 150 ಡಾಲರ್ ಕೊಡುತ್ತಿದ್ದರು. ವಾಣಿಜ್ಯವೋ ಅಲ್ಲವೋ ಎಂಬ ಭೇದ ಮುಖ್ಯವಾಗುವುದು ವಾಗ್ದಾನ ದಾಟಿಸುವ ಮೂರನೇ ದಾರಿಯಲ್ಲಿ ಮಾತ್ರ. ಸೋರ್ಸ್ ಕೋಡನ್ನೇ ಕೊಡುವವರಿಗೆ ಆ ಚರ್ಚೆಯ ಅಗತ್ಯವಿಲ್ಲ.

ಮೇಜಿನ ಮೇಲಿನ ವ್ಯವಸ್ಥೆ

ಬಳಗ ಕೊನೆಗೆ ಒಪ್ಪಿಕೊಂಡದ್ದು ಸರಳವಾದದ್ದು. ಮುಂದಿನ ಕೂಟದಿಂದ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್ ಇರುತ್ತದೆ. ಅದಕ್ಕೆ ಜೋಡಿಸಿದ ಹಾರ್ಡ್ ಡಿಸ್ಕಿನಲ್ಲಿ ಇಮೇಜ್ ಒಂದು ಫೋಲ್ಡರಿನಲ್ಲಿ, ಅದರ ಸೋರ್ಸ್ ಕೋಡ್ ಪಕ್ಕದ ಫೋಲ್ಡರಿನಲ್ಲಿ ಇರುತ್ತದೆ. ಬಂದವರು ತಮ್ಮ ಪೆನ್ ಡ್ರೈವ್ ತಂದು ತಾವೇ ನಕಲು ಮಾಡಿಕೊಳ್ಳುತ್ತಾರೆ. “ಸೋರ್ಸ್ ಕೋಡ್ ಕೂಡ ಬೇಕಾ?” ಎಂದು ಸ್ವಯಂಸೇವಕರು ಪ್ರತಿಯೊಬ್ಬರನ್ನೂ ಕೇಳುತ್ತಾರೆ. ಬೇಕೆಂದವರು ತೆಗೆದುಕೊಳ್ಳುತ್ತಾರೆ, ಬೇಡವೆಂದವರು ಬಿಡುತ್ತಾರೆ. ಬೇಡವೆಂದವರ ವಿಷಯದಲ್ಲೂ ಬಳಗದ ಕರ್ತವ್ಯ ಆ ಕ್ಷಣಕ್ಕೇ ಮುಗಿಯುತ್ತದೆ, ಏಕೆಂದರೆ ಅದೇ ಜಾಗದಲ್ಲಿ ಸಮಾನ ಅವಕಾಶವಿತ್ತು; ಸೋರ್ಸ್ ಕೋಡನ್ನು ಬಲವಂತವಾಗಿ ನಕಲು ಮಾಡಿಸಬೇಕಿಲ್ಲವೆಂದು ಎರಡೂ ಆವೃತ್ತಿಗಳು ಹೇಳುತ್ತವೆ. ಕೂಟ ಮುಗಿದ ಮೇಲೆ ಯಾರ ಹೆಗಲ ಮೇಲೂ ಮೂರು ವರ್ಷದ ಹೊರೆ ಉಳಿಯುವುದಿಲ್ಲ.

ಮೊದಲೇ ಬರೆದಿಟ್ಟ ಪೆನ್ ಡ್ರೈವ್ ಬೇಕೆನ್ನುವವರಿಗಾಗಿ ಇನ್ನೊಂದು ಬಗೆ. ಇಮೇಜ್ ಬರೆದ ಮೇಲೆ ಉಳಿಯುವ ಜಾಗದಲ್ಲಿ ಎರಡನೇ ಪಾರ್ಟಿಷನ್ ಮಾಡಿ ಸೋರ್ಸ್ ಕೋಡನ್ನು ಅದರಲ್ಲೇ ಹಾಕಿಕೊಡುವುದು. ಆ ಪಾರ್ಟಿಷನ್ ಎಲ್ಲ ಕಂಪ್ಯೂಟರಿನಲ್ಲೂ ತೆರೆಯಲೆಂದು ಫ್ಯಾಟ್32 ಎಂಬ ಕಡತ ವ್ಯವಸ್ಥೆಯನ್ನು ಆರಿಸಿಕೊಳ್ಳುವವರು ಸೋರ್ಸ್ ಕೋಡನ್ನೆಲ್ಲ ಒಂದೇ ದೊಡ್ಡ ಕಡತವಾಗಿ ಕಟ್ಟಬಾರದು. 4 ಗಿಗಾಬೈಟ್ ಮೀರಿದ ಕಡತವನ್ನು ಅದು ಇಟ್ಟುಕೊಳ್ಳುವುದಿಲ್ಲ. ಪ್ಯಾಕೇಜುಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಹುಡುಕುವವರಿಗೂ ಸುಲಭ.

ಪರವಾನಗಿಯ ಪಠ್ಯವನ್ನೂ ಜೊತೆಗೆ ಕೊಡಬೇಕೆಂಬ ಷರತ್ತು ಈ ಇಮೇಜಿನಲ್ಲಿ ಮೊದಲೇ ಪೂರೈಕೆಯಾಗಿತ್ತು. ಡೆಬಿಯನ್ ಪ್ರತಿ ಪ್ಯಾಕೇಜಿನೊಳಗೂ ಕಾಪಿರೈಟ್ ಕಡತವನ್ನಿಡುತ್ತದೆ, ಸಾಮಾನ್ಯ ಪರವಾನಗಿಗಳ ಪೂರ್ಣ ಪಠ್ಯವನ್ನು ಒಂದೆಡೆ ಸೇರಿಸಿಡುತ್ತದೆ. ಜಾಗ ಉಳಿಸಲೆಂದು ಡಾಕ್ಯುಮೆಂಟೇಷನ್ ಫೋಲ್ಡರನ್ನು ಅಳಿಸಿ ಇಮೇಜ್ ಕಟ್ಟುವವರಿದ್ದಾರೆ. ಅವರು ಇದನ್ನು ಗಮನಿಸಬೇಕು.

ತಾವೇ ನಕಲು ಮಾಡಿಕೊಳ್ಳುವ ವ್ಯವಸ್ಥೆಯಲ್ಲಿ ಎರಡು ಅಪಾಯಗಳಿವೆ. ಇಮೇಜನ್ನು ಪೆನ್ ಡ್ರೈವಿಗೆ ಬರೆಯುವುದೆಂದರೆ ಅದರಲ್ಲಿದ್ದದ್ದನ್ನೆಲ್ಲ ಅಳಿಸುವುದು. ಬರೆಯುವ ಮುನ್ನ ಸ್ವಯಂಸೇವಕರು ಪೆನ್ ಡ್ರೈವಿನಲ್ಲಿರುವ ಕಡತಗಳನ್ನು ತೆರೆದು ತೋರಿಸಿ, ಇವೆಲ್ಲ ಹೋಗುತ್ತವೆ ಎಂದು ಹೇಳಿ, ಒಪ್ಪಿಗೆ ಪಡೆದೇ ಮುಂದುವರಿಯಬೇಕು. ಇಮೇಜ್ ಬರೆಯಲು ಡಿಡಿ ಆಜ್ಞೆ ಬಳಸುವವರು, ವ್ಯವಸ್ಥೆ ಡಿಸ್ಕುಗಳಿಗೆ ಕೊಡುವ ಹೆಸರುಗಳಲ್ಲಿ ಎಸ್‌ಡಿಎ ಯಾವುದು, ಎಸ್‌ಡಿಬಿ ಯಾವುದು ಎಂದು ಡಿಸ್ಕಿನ ಗಾತ್ರ ನೋಡಿ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಒಂದಕ್ಷರ ತಪ್ಪಿದರೆ ಅಳಿಯುವುದು ಸೋರ್ಸ್ ಕೋಡಿರುವ ಹಾರ್ಡ್ ಡಿಸ್ಕೇ ಆಗಬಹುದು. ಆ ಡಿಸ್ಕಿನ ಇನ್ನೊಂದು ಪ್ರತಿಯನ್ನು ಬೇರೆಯವರ ಮನೆಯಲ್ಲಿಡಲು ಬಳಗ ತೀರ್ಮಾನಿಸಿತು.

ಎರಡನೆಯದು ನಂಬಿಕೆಯ ಪ್ರಶ್ನೆ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ಯೋಜನೆಯ ಜಾಲತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನು ಬದಲಿಸಿ, ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲಿಟ್ಟ ಇಮೇಜಿನ ಕಡೆಗೆ ಅದನ್ನು ತಿರುಗಿಸಿದ್ದರು. ಕೂಟದಲ್ಲಿ ಪ್ರತಿ ಪಡೆಯುವವರು ಅದನ್ನು ಪರೀಕ್ಷಿಸುವುದಿಲ್ಲ, ಬಳಗದವರ ಮುಖ ನೋಡಿ ನಂಬುತ್ತಾರೆ. ಆ ನಂಬಿಕೆಗೆ ತಕ್ಕ ಎಚ್ಚರ ಬಳಗಕ್ಕಿರಬೇಕು: ಆಧಾರದ ಇಮೇಜಿನ ಶಾ256 ಮೊತ್ತವನ್ನು (ಕಡತದ ಬೆರಳಚ್ಚಿನಂಥ ಸಂಖ್ಯೆಯನ್ನು) ಹೋಲಿಸಿದರಷ್ಟೇ ಸಾಲದು, ಮೊತ್ತಗಳ ಕಡತದ ಮೇಲಿನ ಜಿಪಿಜಿ ಡಿಜಿಟಲ್ ಸಹಿಯನ್ನೂ ಪರೀಕ್ಷಿಸಬೇಕು, ಏಕೆಂದರೆ ಜಾಲತಾಣಕ್ಕೆ ನುಗ್ಗಿದವರು ಅಲ್ಲಿರುವ ಮೊತ್ತವನ್ನೂ ಬದಲಿಸಬಲ್ಲರು. ತಾನು ಕಟ್ಟಿದ ಇಮೇಜಿನ ಮೊತ್ತವನ್ನು ಬಳಗ ಮೇಜಿನ ಮೇಲೆ ಮುದ್ರಿಸಿಡತೊಡಗಿತು.

ಅದೇ ಪೆನ್ ಡ್ರೈವಿನಲ್ಲಿದ್ದ ಇನ್ನೊಂದು ಫೋಲ್ಡರ್

ಪ್ಯಾಕೇಜುಗಳ ಪಟ್ಟಿ ತೆಗೆಯುವಾಗ ಯಾರೂ ನಿರೀಕ್ಷಿಸದ ಒಂದು ಸಂಗತಿ ಹೊರಬಿತ್ತು. ಡೆಸ್ಕ್‌ಟಾಪಿನಲ್ಲಿ ‘ಉಪಯುಕ್ತ’ ಎಂಬ ಹೆಸರಿನ ಫೋಲ್ಡರ್ ಇತ್ತು. ಅದರೊಳಗೆ ಸ್ವಾಮ್ಯದ ಪ್ರೋಗ್ರಾಮೊಂದರ ಇನ್‌ಸ್ಟಾಲರ್ ಇತ್ತು. ಶಾಲೆಗಳಿಗೆ ಬೇಕಾಗಬಹುದೆಂದು ಒಳ್ಳೆಯ ಉದ್ದೇಶದಿಂದಲೇ ಅದನ್ನು ಸೇರಿಸಲಾಗಿತ್ತು. ಅದರ ಪರವಾನಗಿ ಉಚಿತ ಬಳಕೆಗೆ ಬಿಡುತ್ತದೆ, ಮರುಹಂಚಿಕೆಗೆ ಬಿಡುವುದಿಲ್ಲ.

ಸೋರ್ಸ್ ಕೋಡ್ ಇಲ್ಲದ್ದಕ್ಕಿಂತ ಇದು ಗಂಭೀರವಾದ ದೋಷ ಎಂಬುದು ನನ್ನ ಖಚಿತ ನಿಲುವು. ಸೋರ್ಸ್ ಕೋಡ್ ಕೊಡದಿದ್ದಾಗ ಷರತ್ತು ಮೀರಿದ್ದು ಬಳಗ. ಶಿಕ್ಷಕಿಯ ಹಕ್ಕಿಗೆ ಧಕ್ಕೆಯಿರಲಿಲ್ಲ. ಇಲ್ಲಿ ಹಾಗಲ್ಲ. ಎಲ್ಲವನ್ನೂ ಪ್ರತಿ ಮಾಡಿ ಹಂಚಬಹುದೆಂಬ ಬಳಗದ ಮಾತನ್ನು ನಂಬಿ ಆಕೆ ಇಡೀ ಲ್ಯಾಬಿಗೆ ಇನ್‌ಸ್ಟಾಲ್ ಮಾಡಿ, ವಿದ್ಯಾರ್ಥಿಗಳಿಗೂ ಕೊಟ್ಟಿದ್ದರೆ, ಅನುಮತಿಯಿಲ್ಲದೆ ಹಂಚಿದವರು ಆಕೆಯೇ ಆಗುತ್ತಿದ್ದರು.

ಬಳಕೆದಾರರ ಕೂಟಗಳ ಇತಿಹಾಸದಲ್ಲಿ ಈ ಗೆರೆ ಹಳೆಯದು. 1955ರಲ್ಲಿ ಐಬಿಎಂ ಯಂತ್ರಗಳ ಬಳಕೆದಾರರು ಷೇರ್ ಎಂಬ ಸಂಘ ಕಟ್ಟಿಕೊಂಡು ತಾವು ಬರೆದ ಪ್ರೋಗ್ರಾಮುಗಳನ್ನು ಪರಸ್ಪರ ಹಂಚಿಕೊಂಡರು; ಅದು ಯಾರಿಗೂ ತಪ್ಪೆನಿಸಲಿಲ್ಲ. 1975ರಲ್ಲಿ ಆರಂಭವಾದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನಲ್ಲಿ ಆಲ್ಟೇರ್ ಎಂಬ ಕಂಪ್ಯೂಟರಿನ ತಂತ್ರಾಂಶವಾದ ಆಲ್ಟೇರ್ ಬೇಸಿಕ್‌ನ ಕಾಗದದ ಟೇಪುಗಳು ಕೈಯಿಂದ ಕೈಗೆ ಹೋದಾಗ, ಅದನ್ನು ಬರೆದವರಲ್ಲೊಬ್ಬರಾದ ಬಿಲ್ ಗೇಟ್ಸ್ 1976ರ ಫೆಬ್ರವರಿಯಲ್ಲಿ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು ಅದನ್ನು ಕಳ್ಳತನವೆಂದರು. ಕೂಟದಲ್ಲಿ ಪ್ರತಿ ಹಂಚುವ ಕ್ರಿಯೆ ಎರಡರಲ್ಲೂ ಒಂದೇ. ಹಂಚಲು ಅನುಮತಿ ಇತ್ತೇ ಇಲ್ಲವೇ ಎಂಬುದಷ್ಟೇ ಬೇರೆ. ಮುಕ್ತ ತಂತ್ರಾಂಶ ಆ ಅನುಮತಿಯನ್ನು ಬರಹದಲ್ಲಿ ಕೊಟ್ಟಿರುವುದರಿಂದಲೇ ಬಳಗಗಳು ತಲೆಯೆತ್ತಿ ಹಂಚಬಹುದಾಗಿದೆ. ಅನುಮತಿ ಇಲ್ಲದ್ದನ್ನು ಅದೇ ಪೆನ್ ಡ್ರೈವಿನಲ್ಲಿ ಬೆರೆಸಿದರೆ ಪಡೆದವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಫೋಲ್ಡರನ್ನು ತೆಗೆಯುವುದರಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ. ವೈಫೈ ಮತ್ತು ಗ್ರಾಫಿಕ್ಸ್ ಫರ್ಮ್‌ವೇರ್ ವಿಷಯದಲ್ಲಿ ಬಂತು. 2022ರಲ್ಲಿ ಡೆಬಿಯನ್ ಅಭಿವೃದ್ಧಿಗಾರರು ಮತ ಚಲಾಯಿಸಿ, ಯಂತ್ರಾಂಶ ಕೆಲಸ ಮಾಡಲು ಬೇಕಾದ ಮುಕ್ತವಲ್ಲದ ಫರ್ಮ್‌ವೇರನ್ನು ಅಧಿಕೃತ ಇಮೇಜುಗಳಲ್ಲಿ ಸೇರಿಸಲು ತೀರ್ಮಾನಿಸಿದರು. 2023ರಲ್ಲಿ ಬಂದ ಡೆಬಿಯನ್ 12ರಿಂದ ಅದು ಪ್ರತ್ಯೇಕ ವಿಭಾಗವಾಗಿ ಸೇರಿದೆ. ಅದನ್ನು ಹಂಚಲು ಕಾನೂನಿನ ಅಡ್ಡಿಯಿಲ್ಲ, ಆದರೆ ಅದಕ್ಕೆ ಸೋರ್ಸ್ ಕೋಡ್ ಇಲ್ಲ. ಮುಕ್ತ ತಂತ್ರಾಂಶ ಪ್ರತಿಷ್ಠಾನ ಇದನ್ನು ಒಪ್ಪುವುದಿಲ್ಲ. ವೈಫೈ ನಡೆಯದ ಕಂಪ್ಯೂಟರನ್ನು ಹೊತ್ತು ಮನೆಗೆ ಮರಳಿದವರು ಮತ್ತೆ ಕೂಟಕ್ಕೆ ಬರುವುದಿಲ್ಲ ಎಂದವರೂ, ಮುಕ್ತ ತಂತ್ರಾಂಶ ಎಂದು ಹೆಸರಿಟ್ಟು ಅದಲ್ಲದ್ದನ್ನು ಕೊಡಬಾರದು ಎಂದವರೂ ಬಳಗದಲ್ಲಿದ್ದರು. ಇಬ್ಬರ ಮಾತಿನಲ್ಲೂ ಹುರುಳಿದೆ. ಬಳಗ ಎರಡು ಇಮೇಜುಗಳನ್ನು ಇಡಲು ಒಪ್ಪಿತು, ಮತ್ತು ಫರ್ಮ್‌ವೇರ್ ಇರುವುದರ ಮೇಲೆ ಹಾಗೆಂದು ಬರೆದು, ಅದರಲ್ಲಿ ಯಾವ ಕಡತಗಳಿಗೆ ಸೋರ್ಸ್ ಕೋಡ್ ಇಲ್ಲವೆಂಬ ಪಟ್ಟಿಯನ್ನು ಜೊತೆಗಿಟ್ಟಿತು. ಪಡೆಯುವವರಿಗೆ ತಿಳಿದು ಆರಿಸುವ ಅವಕಾಶವಿದ್ದರೆ ಇದು ಸಮರ್ಥನೀಯ ಎಂದು ನಾನು ಭಾವಿಸುತ್ತೇನೆ.

ಕೊಟ್ಟಾಗಿದ್ದ ಪ್ರತಿಗಳು

ಅಷ್ಟರಲ್ಲಿ ಹಂಚಿಹೋಗಿದ್ದ ಪೆನ್ ಡ್ರೈವುಗಳ ವಿಷಯ ಉಳಿದಿತ್ತು. ಅವನ್ನು ಪಡೆದವರಲ್ಲಿ ಹೆಚ್ಚಿನವರು ನೋಂದಣಿ ಪುಸ್ತಕದಲ್ಲಿ ಇಮೇಲ್ ವಿಳಾಸ ಬರೆದಿದ್ದರು. ಬಳಗ ಅವರಿಗೆ ಪತ್ರ ಬರೆದು, ‘ಉಪಯುಕ್ತ’ ಫೋಲ್ಡರಿನಲ್ಲಿರುವುದನ್ನು ಬೇರೆಯವರಿಗೆ ಕೊಡಬಾರದೆಂದೂ, ಮುಂದಿನ ಕೂಟಕ್ಕೆ ಪೆನ್ ಡ್ರೈವ್ ತಂದರೆ ಸೋರ್ಸ್ ಕೋಡ್ ಸಹಿತ ಹೊಸ ಇಮೇಜ್ ಬರೆದುಕೊಡುವುದಾಗಿಯೂ ತಿಳಿಸಿತು. ಬರಲಾಗದವರಿಗಾಗಿ ಈ ಒಂದು ಇಮೇಜಿಗೆ ಮಾತ್ರ ಲಿಖಿತ ವಾಗ್ದಾನವನ್ನು ಪತ್ರದಲ್ಲೇ ಸೇರಿಸಲಾಯಿತು. ಇಬ್ಬರು ಸದಸ್ಯರು ತಮ್ಮ ಸ್ವಂತ ಹೆಸರಿನಲ್ಲಿ ಸಹಿ ಮಾಡಿ, ಆ ಸೋರ್ಸ್ ಕೋಡಿನ ಪ್ರತಿಯನ್ನು ಮೂರು ವರ್ಷ ಕಾಪಾಡುವ ಹೊಣೆ ಹೊತ್ತರು.

ಶಿಕ್ಷಕಿ ಮುಂದಿನ ಕೂಟಕ್ಕೆ ಬಂದಾಗ ಇಮೇಜನ್ನೂ ಸೋರ್ಸ್ ಕೋಡನ್ನೂ ತಮ್ಮ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡರು. ಶಾಲೆಯ ಕಂಪ್ಯೂಟರುಗಳಿಗೆ ಇನ್‌ಸ್ಟಾಲ್ ಮಾಡುವುದು ಒಂದೇ ಸಂಸ್ಥೆಯೊಳಗಿನ ಬಳಕೆಯಾದ್ದರಿಂದ ಅದಕ್ಕೆ ಯಾವ ಷರತ್ತೂ ತಾಗದೆಂದು ಸ್ವಯಂಸೇವಕರು ತಿಳಿಸಿದರು. ಮಕ್ಕಳು ಮನೆಗೆ ಒಯ್ಯುವಾಗ ಮಾತ್ರ ಅದು ಹಂಚಿಕೆಯಾಗುತ್ತದೆ. ಆಗ ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಎರಡೂ ಫೋಲ್ಡರುಗಳನ್ನು ಅಕ್ಕಪಕ್ಕದಲ್ಲಿಟ್ಟು, ಬೇಕಾದ್ದನ್ನು ಅಲ್ಲಿಂದಲೇ ನಕಲು ಮಾಡಿಕೊಳ್ಳಲು ಬಿಟ್ಟರೆ ಸಾಕು ಎಂದರು. ಟೈಪಿಂಗ್ ಪಾಠಗಳು ಪ್ರೋಗ್ರಾಮಿನೊಳಗೆ ಬೆರೆತಿರದೆ ಸರಳ ಪಠ್ಯ ಕಡತಗಳಾಗಿ ಪ್ರತ್ಯೇಕವಾಗಿದ್ದವು. ಅವು ಯಾವ ಫೋಲ್ಡರಿನಲ್ಲಿವೆ, ತಿದ್ದಿದ ಮೇಲೆ ಪ್ಯಾಕೇಜನ್ನು ಮತ್ತೆ ಕಟ್ಟುವುದು ಹೇಗೆ ಎಂದು ಅದನ್ನು ಬರೆದ ಸದಸ್ಯರೇ ಪಕ್ಕದಲ್ಲಿ ಕುಳಿತು ಆಕೆಗೆ ತೋರಿಸಿಕೊಟ್ಟರು.